ಹೆಪ್ಪು ಹಾಕುವ ಮಣ್ಣು: ಕೆಂಪುಕಲ್ಲಿನ ಕೋರೆ ಮುಗಿದ ಮೇಲೆ ನೆಲ ಮತ್ತೆ ಹಸಿರಾಗುವುದು ಹೇಗೆ

ಉಡುಪಿ ಕಡೆ ನಮ್ಮ ಸಂಬಂಧಿಕರದ್ದೊಂದು ಗುಡ್ಡದ ಜಾಗ ಇದೆ. ಒಂದು ಎಕರೆಗೆ ಸ್ವಲ್ಪ ಜಾಸ್ತಿ. ಅಲ್ಲಿ ನಾಲ್ಕು ವರ್ಷ ಕೆಂಪುಕಲ್ಲಿನ ಕೋರೆ ನಡೆಯಿತು. ಕಲ್ಲು ಮುಗಿದ ಮೇಲೆ ತಳ ಮಟ್ಟ ಮಾಡಿ ಗೇರು ನೆಟ್ಟರು. ಒಳ್ಳೆಯ ಕಸಿ ಸಸಿಗಳು. ಗುಂಡಿಗೆ ಹಟ್ಟಿಗೊಬ್ಬರ ಹಾಕಿದ್ದರು, ಬೇಸಿಗೆಯಲ್ಲಿ ನೀರೂ ಹೊತ್ತಿದ್ದರು. ಮೂರು ಮಳೆಗಾಲ ಕಳೆಯಿತು. ಸಸಿಗಳು ಮೊಣಕಾಲೆತ್ತರ ದಾಟಲಿಲ್ಲ. ಎಲೆಯೆಲ್ಲ ಹಳದಿ. ಸುತ್ತಲಿನ ನೆಲ ಕೆಂಪಗೆ, ಬೋಳಾಗಿ, ತೊಳೆದಿಟ್ಟ ಅಂಗಳದ ಹಾಗೆ ಬಿದ್ದಿತ್ತು.

ಅದೇ ಜಾಗದ ಒಂದು ಮೂಲೆಯಲ್ಲಿ ಮಾತ್ರ ಬೇರೆ ಕಥೆ. ಕೋರೆ ಶುರುವಾದ ದಿನ ಹಿಟಾಚಿ ಓಡಿಸುವವನು ಮೇಲಿನ ಕಪ್ಪು ಮಣ್ಣು, ಬೇರು, ಹುಲ್ಲು ಎಲ್ಲ ಕೆರೆದ. ಕೆಲಸಕ್ಕೆ ಅಡ್ಡ ಬಾರದಿರಲಿ ಅಂತ ಒಂದಿಷ್ಟನ್ನು ಆ ಮೂಲೆಗೆ ದೂಡಿದ. ಸೊಂಟಕ್ಕಿಂತ ತಗ್ಗಿನ ಒಂದು ದಿಬ್ಬ. ಅದಕ್ಕೆ ಯಾರೂ ನೀರು ಹಾಕಲಿಲ್ಲ, ಗೊಬ್ಬರ ಹಾಕಲಿಲ್ಲ. ಅದರ ಮೇಲೆ ಮುಳಿಹುಲ್ಲು ಬಂತು. ಕೇಪಳ ಬಂತು. ನೆಕ್ಕರಿಕ ನೇರಳೆ ಬಣ್ಣದ ಹೂ ಬಿಟ್ಟಿತು. ನಾನು ನೋಡಿದಾಗ ಒಂದು ನೇರಳೆ ಗಿಡ ನನ್ನ ತಲೆಗಿಂತ ಎತ್ತರ ಬೆಳೆದಿತ್ತು.

ಉಳಿದ ಮೇಲ್ಮಣ್ಣು ಏನಾಯಿತು ಅಂತ ಕೇಳಿದೆ. ಟಿಪ್ಪರಿನಲ್ಲಿ ಹೋಯಿತು. ಯಾರದೋ ಸೈಟು ತುಂಬಿಸಲು.

ಗಣಿಗಾರಿಕೆಯಿಂದ ಹಾಳಾದ ನೆಲವನ್ನು ಸರಿಪಡಿಸುವ ವಿದ್ಯೆಯ ಬಹುಪಾಲು ಆ ದಿಬ್ಬದಲ್ಲೇ ಇದೆ. ಆ ಮಣ್ಣಿನಲ್ಲಿ ಅಂಥದ್ದೇನಿತ್ತು, ಅದನ್ನು ಹೇಗೆ ತೆಗೆಯಬೇಕು, ಹೇಗೆ ಇಡಬೇಕು, ಹೇಗೆ ವಾಪಸು ಹಾಕಬೇಕು ಅಂತ ತಿಳಿದಷ್ಟನ್ನು ಬಿಡಿಸಿ ಹೇಳುತ್ತೇನೆ. ನಮ್ಮ ಜಿಲ್ಲೆಗಳಲ್ಲಿ ಕೋರೆಗೆ ಜಾಗ ಕೊಡುವವರು ಬಹಳ ಜನ ಇದ್ದಾರೆ. ಅವರಿಗೆ ಇದು ಮೊದಲೇ ಗೊತ್ತಿರಬೇಕು ಅನ್ನುವುದು ನನ್ನ ಆಸೆ.

ಮೊದಲು ನಮ್ಮ ನೆಲದ ಗುಣ ನೋಡೋಣ. ಮಂಗಳೂರಿನ ಪದವಿನಂಗಡಿ ಇರಲಿ, ಕೊಣಾಜೆ ಇರಲಿ, ಉಡುಪಿಯ ಮಣಿಪಾಲ ಇರಲಿ, ಇವೆಲ್ಲ ಮಟ್ಟಸ ತಲೆಯ ಕೆಂಪುಕಲ್ಲಿನ ಗುಡ್ಡಗಳು. ತುಳುವಿನಲ್ಲಿ ಪದವು ಅನ್ನುತ್ತೇವೆ. ಈ ಕಲ್ಲಿಗೆ ಮುರಕಲ್ಲು, ಜಂಬಿಟ್ಟಿಗೆ ಅಂತಲೂ ಹೆಸರಿದೆ. ಕೇರಳದ ಅಂಗಡಿಪುರಂನಲ್ಲಿ ಈ ಕಲ್ಲನ್ನು ಕಂಡ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲ ಅರ್ಥ ಇಟ್ಟಿಗೆ. ನಮ್ಮ ಜಂಬಿಟ್ಟಿಗೆಯೊಳಗೂ ಇಟ್ಟಿಗೆ ಇದೆ, ನೋಡಿ. ಕಡಿಯುವಾಗ ಮೆತ್ತಗಿದ್ದು, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುವ ಕಲ್ಲು ಇದು. ಮನೆ ಕಟ್ಟುವವರಿಗೆ ಈ ಗುಣವೇ ವರ. ಗಿಡ ನೆಡುವವರಿಗೆ ಇದೇ ತೊಂದರೆ. ಯಾಕೆಂದರೆ ಹೊಂಡದ ತಳವೂ ಅದೇ ಕಲ್ಲು. ಮೇಲಿನ ಹೊದಿಕೆ ಹೋದ ಮೇಲೆ ಅದೂ ಗಟ್ಟಿಯಾಗುತ್ತದೆ.

ಈ ಗುಡ್ಡವನ್ನು ಮೇಲಿನಿಂದ ಕೆಳಗೆ ಕತ್ತರಿಸಿ ನೋಡಿದರೆ ಪದರಗಳು ಕಾಣುತ್ತವೆ. ಎಲ್ಲಕ್ಕಿಂತ ಮೇಲೆ ಕಂದು ಅಥವಾ ಕಪ್ಪು ಬಣ್ಣದ ತೆಳು ಮಣ್ಣು. ಕೆಲವು ಕಡೆ ನಾಲ್ಕು ಬೆರಳು, ಕೆಲವು ಕಡೆ ಒಂದು ಗೇಣು, ಬಂಡೆ ಎದ್ದಿರುವ ಕಡೆ ಏನೂ ಇಲ್ಲ. ಅದರ ಕೆಳಗೆ ಹರಳು ಹರಳಾದ ಕೆಂಪು ಒಳಮಣ್ಣು. ಆಮೇಲೆ ಕಲ್ಲು. ಕಲ್ಲಿನ ಕೆಳಗೆ ಬಿಳಿ, ಗುಲಾಬಿ, ಹಳದಿ ಬಣ್ಣದ ಶೇಡಿ ಮಣ್ಣು. ಕೋರೆಯವರಿಗೆ ಬೇಕಾದದ್ದು ನಡುವಿನ ಕಲ್ಲು ಮಾತ್ರ. ಅದರ ಮೇಲಿರುವುದೆಲ್ಲ ಅವರ ಲೆಕ್ಕದಲ್ಲಿ ವೇಸ್ಟ್. ಇಡೀ ಸಮಸ್ಯೆ ಈ ಒಂದು ಪದದಿಂದಲೇ ಶುರುವಾಗುತ್ತದೆ.

ಗದ್ದೆ ತೋಟ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತುಳುನಾಡಿನಲ್ಲಿ ಪೊನ್ನಿ ತಿಂಗಳ ಕೊನೆಯಲ್ಲಿ, ಅಂದರೆ ಫೆಬ್ರವರಿ ಹೊತ್ತಿಗೆ, ಕೆಡ್ಡಸ ಬರುತ್ತದೆ. ಭೂಮಿ ತಾಯಿ ಮುಟ್ಟಾಗುವ ದಿನಗಳು. ಆಗ ನೆಲ ಅಗೆಯಬಾರದು, ಉಳಬಾರದು. ನನ್ನ ಅಜ್ಜಿ ಆ ದಿನಗಳಲ್ಲಿ ಒಂದು ಹುಲ್ಲು ಕೀಳಲೂ ಬಿಡುತ್ತಿರಲಿಲ್ಲ. ನೆಲಕ್ಕೆ ಎಣ್ಣೆ ಬಿಟ್ಟು ಕೈ ಮುಗಿಯುತ್ತಿದ್ದರು. ನೆಲದ ಮೇಲ್ಪದರ ಜೀವ ಇರುವಂಥದ್ದು ಅಂತ ಅವರು ನಂಬಿದ್ದರು. ಆ ನಂಬಿಕೆಗೂ ಮಣ್ಣಿನ ವಿಜ್ಞಾನಕ್ಕೂ ಇಲ್ಲಿ ಜಗಳವೇ ಇಲ್ಲ.

ಒಂದು ಚಮಚ ಒಳ್ಳೆಯ ಮೇಲ್ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಶಿಲೀಂಧ್ರದ ನೂಲುಗಳು ಇರುತ್ತವೆ. ಎರೆಹುಳ, ಗೆದ್ದಲು, ಇರುವೆ ಕೊರೆದ ದಾರಿಗಳು ಇರುತ್ತವೆ. ಕೊಳೆತ ತರಗೆಲೆ ಇರುತ್ತದೆ. ಮುಖ್ಯವಾಗಿ ಬೀಜಗಳಿರುತ್ತವೆ. ವರ್ಷಗಟ್ಟಲೆ ಉದುರಿ, ಸಮಯ ಕಾದು ಮಲಗಿರುವ ಬೀಜಗಳು. ಅವುಗಳಲ್ಲಿ ಹೆಚ್ಚಿನವು ಮೇಲಿನ ಕೆಲವೇ ಸೆಂಟಿಮೀಟರಿನಲ್ಲಿ ಇರುತ್ತವೆ. ನಮ್ಮ ಮೂಲೆಯ ದಿಬ್ಬದಲ್ಲಿ ಕೇಪಳ ಯಾರು ನೆಟ್ಟರು ಅಂದರೆ, ಹತ್ತಾರು ವರ್ಷ ಅಲ್ಲಿ ಓಡಾಡಿದ ಹಕ್ಕಿಗಳು ನೆಟ್ಟವು.

ಶಿಲೀಂಧ್ರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗೇರು ಸಸಿ ಯಾಕೆ ಹಳದಿಯಾಗಿ ನಿಂತಿತು ಅನ್ನುವುದು ಇದರಲ್ಲಿದೆ. ಕೆಂಪುಕಲ್ಲಿನ ನೆಲದಲ್ಲಿ ಕಬ್ಬಿಣ ಮತ್ತು ಅಲ್ಯುಮಿನಿಯಂ ಜಾಸ್ತಿ. ಇವೆರಡೂ ರಂಜಕವನ್ನು ಹಿಡಿದು ಬಿಗಿದು ಕೂರುತ್ತವೆ. ಮಣ್ಣು ಹುಳಿಯಾದಷ್ಟೂ ಈ ಹಿಡಿತ ಗಟ್ಟಿ. ಗೊಬ್ಬರದ ರಂಜಕ ಹಾಕಿದರೂ ಗಿಡಕ್ಕೆ ಸಿಗುವುದು ಕಡಿಮೆ. ಇಲ್ಲಿ ಬೇರಿನ ನೆರವಿಗೆ ಬರುವುದು ಮೈಕೊರೈಜಾ ಅನ್ನುವ ಶಿಲೀಂಧ್ರ. ಅದು ಬೇರಿನೊಳಗೆ ಸೇರಿಕೊಂಡು, ಕೂದಲಿಗಿಂತ ತೆಳುವಾದ ನೂಲುಗಳನ್ನು ಮಣ್ಣಿಗೆ ಚಾಚುತ್ತದೆ. ಬೇರು ತಲುಪದ ಸಂದುಗಳಿಂದ ರಂಜಕ ತಂದು ಕೊಡುತ್ತದೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಈ ಕೊಡುಕೊಳ್ಳುವಿಕೆ ನಡೆಯುವುದು ಮೇಲ್ಮಣ್ಣಿನಲ್ಲಿ. ಹೊಂಡದ ತಳದ ಕಲ್ಲಿನಲ್ಲಿ ಆ ಶಿಲೀಂಧ್ರ ಇಲ್ಲ. ಗೇರು ಬಡ ನೆಲದಲ್ಲೂ ಬೆಳೆಯುತ್ತದೆ ಅಂತ ನಾವು ಹೇಳುತ್ತೇವೆ, ನಿಜ. ಆದರೆ ಬಡ ನೆಲ ಬೇರೆ, ಸತ್ತ ನೆಲ ಬೇರೆ.

ಹಾಗಾಗಿ ಮೇಲ್ಮಣ್ಣನ್ನು ನಾನು ಹೆಪ್ಪು ಅನ್ನುತ್ತೇನೆ. ಪಾತ್ರೆ ತುಂಬ ಹಾಲಿಗೆ ಒಂದು ಚಮಚ ಹೆಪ್ಪು ಸಾಕು. ಆದರೆ ಆ ಹೆಪ್ಪು ಜೀವಂತ ಇರಬೇಕು. ಹಳಸಿದ ಹೆಪ್ಪು ಹಾಕಿದರೆ ಹಾಲೂ ಕೆಡುತ್ತದೆ. ಒಂದು ಇಂಚು ಮೇಲ್ಮಣ್ಣು ತಾನಾಗಿ ಆಗಲು ನೂರಾರು ವರ್ಷ ಬೇಕು. ಇರುವುದನ್ನು ಕಳೆದುಕೊಂಡರೆ ಅಂಗಡಿಯಿಂದ ತರುವ ವಸ್ತು ಇದಲ್ಲ.

ಕೆರೆಯುವ ಕೆಲಸ

ಮರಗಿಡ ಕಡಿದ ಮೇಲೆ, ಬೇರೆ ಯಾವ ಕೆಲಸಕ್ಕೂ ಮೊದಲು ಮೇಲ್ಮಣ್ಣು ತೆಗೆಯಬೇಕು. ಸಣ್ಣ ಪೊದೆ, ಹುಲ್ಲು, ತರಗೆಲೆ ಸುಡಬಾರದು. ಅವು ಮಣ್ಣಿನ ಜೊತೆಗೇ ಬರಲಿ. ಹಿಟಾಚಿಯ ಬಕೆಟ್‌ಗೆ ಹಲ್ಲಿಲ್ಲದ ಅಂಚು ಹಾಕಿದರೆ ತೆಳುವಾಗಿ ಕೆರೆಯಬಹುದು. ಬಣ್ಣ ನೋಡಿಕೊಂಡು ಕೆರೆಯಬೇಕು. ಕಂದು ಮುಗಿದು ಕೆಂಪು ಶುರುವಾದಲ್ಲಿ ನಿಲ್ಲಿಸಬೇಕು. ಕೆಂಪು ಒಳಮಣ್ಣನ್ನು ಆಮೇಲೆ ಬೇರೆಯಾಗಿ ತೆಗೆದು, ಬೇರೆ ರಾಶಿ ಹಾಕಬೇಕು. ಎರಡನ್ನೂ ಒಂದೇ ಏಟಿಗೆ ಎತ್ತಿದರೆ ಒಂದು ಪಾಲು ಜೀವಂತ ಮಣ್ಣು ನಾಲ್ಕೈದು ಪಾಲು ಬಡ ಮಣ್ಣಿನಲ್ಲಿ ಕಳೆದುಹೋಗುತ್ತದೆ. ಬೀಜಗಳೂ ಅಡಿಯಲ್ಲಿ ಹೂತುಹೋಗುತ್ತವೆ. ಸಣ್ಣ ಬೀಜ ಹತ್ತು ಸೆಂಟಿಮೀಟರ್ ಆಳದಿಂದ ಮೊಳಕೆ ಹೊರಗೆ ತರಲಾರದು.

ನನ್ನನ್ನು ಕೇಳಿದರೆ ಈ ಒಂದು ತಪ್ಪೇ ಎಲ್ಲಕ್ಕಿಂತ ದೊಡ್ಡದು. ಮಣ್ಣನ್ನು ಮಾರಿಕೊಂಡವರಾದರೂ ಮಾರಿದ್ದು ಅಂತ ಹೇಳುತ್ತಾರೆ. ಬೆರೆಸಿ ಇಟ್ಟವರು ಉಳಿಸಿದ್ದೇವೆ ಅಂದುಕೊಂಡಿರುತ್ತಾರೆ.

ಮಣ್ಣು ಒದ್ದೆ ಇರುವಾಗ ಮುಟ್ಟಲೇಬಾರದು. ಒದ್ದೆ ಮಣ್ಣಿನ ಮೇಲೆ ಯಂತ್ರ ಓಡಿದರೆ ಒಳಗಿನ ಸಂದುಗಳೆಲ್ಲ ಮುಚ್ಚಿ ಅದು ಹಲ್ವದ ಹಾಗಾಗುತ್ತದೆ, ಒಣಗಿದ ಮೇಲೆ ಇಟ್ಟಿಗೆಯಾಗುತ್ತದೆ. ಪರೀಕ್ಷೆ ಸುಲಭ. ಒಂದು ಹಿಡಿ ಮಣ್ಣು ತಗೊಂಡು ಅಂಗೈಯಲ್ಲಿ ಹೊಸೆಯಿರಿ. 3 ಮಿಲಿಮೀಟರ್ ದಪ್ಪದ ಎಳೆ ಬಂತಾ, ಸೇಮಿಗೆಯ ಹಾಗೆ ಒಡೆಯದೆ ನಿಂತಿತಾ? ಹಾಗಾದರೆ ಕೆಲಸ ಮುಂದೂಡಿ. ಒಡೆದು ಪುಡಿಯಾದರೆ ಶುರು ಮಾಡಬಹುದು. ನಮ್ಮಲ್ಲಿ ಡಿಸೆಂಬರ್‌ನಿಂದ ಮೇ ತನಕ ಇದಕ್ಕೆ ಒಳ್ಳೆಯ ಕಾಲ. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಗೆ, ಮಣ್ಣಿನ ಕೆಲಸ ಮುಗಿದಿರಬೇಕು. ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ಹಾಗೆ ಹಿಟಾಚಿಯೂ ಗುಡ್ಡ ಇಳಿಯಬೇಕು.

ರಾಶಿಯೊಳಗೆ ಏನಾಗುತ್ತದೆ

ಮಣ್ಣನ್ನು ರಾಶಿ ಹಾಕಿ ಟಾರ್ಪಾಲು ಮುಚ್ಚಿಟ್ಟರೆ ಕೋರೆ ಮುಗಿಯುವ ತನಕ ಸುರಕ್ಷಿತ ಅಂತ ಅನಿಸುತ್ತದೆ, ಅಲ್ವಾ? ಇಲ್ಲ. ರಾಶಿಯೊಳಗೆ ಮಣ್ಣು ನಿಧಾನ ಉಸಿರು ಕಟ್ಟುತ್ತದೆ.

ಮೇಲಿನ ಪದರಕ್ಕೆ ಗಾಳಿ ಸಿಗುತ್ತದೆ. ಆಳಕ್ಕೆ ಹೋದಂತೆ ಸಿಗುವುದಿಲ್ಲ. ಅಂಟು ಮಣ್ಣಾದರೆ ಇನ್ನೂ ಬೇಗ. ಗಾಳಿ ಬೇಕಾದ ಜೀವಿಗಳು ಸಾಯುತ್ತವೆ. ಎರೆಹುಳ ಮೊದಲು ಹೋಗುತ್ತದೆ. ಬೇರು ಇಲ್ಲದ ಮೇಲೆ ಮೈಕೊರೈಜಾಕ್ಕೆ ಸಕ್ಕರೆ ಕೊಡುವವರಿಲ್ಲ, ಅದೂ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತದೆ. ಬೀಜಗಳು ಮೊದಲ ಮಳೆಯ ತೇವಕ್ಕೆ ಎಚ್ಚರವಾಗಿ, ಬೆಳಕು ಸಿಗದೆ ಒಳಗೇ ಕೊಳೆಯುತ್ತವೆ. ಸಾರಜನಕ ಅಮೋನಿಯಂ ರೂಪದಲ್ಲಿ ಒಳಗೆ ಕೂಡಿಕೊಳ್ಳುತ್ತದೆ. ನಾಲ್ಕು ವರ್ಷ ಬಿಟ್ಟು ರಾಶಿ ಬಿಡಿಸಿ ಹರಡಿದಾಗ ಗಾಳಿ ತಾಗಿ ಅದು ನೈಟ್ರೇಟ್ ಆಗುತ್ತದೆ. ನೈಟ್ರೇಟ್ ನೀರಿನಲ್ಲಿ ಕರಗುವಂಥದ್ದು. ನಮ್ಮ ಜೂನ್ ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ. ಮಣ್ಣಿನ ಬಣ್ಣ ಹಾಗೇ ಇರುತ್ತದೆ, ಹೆಪ್ಪು ಸತ್ತಿರುತ್ತದೆ.

ಇಡಲೇಬೇಕಾಗಿ ಬಂದರೆ ರಾಶಿ ತಗ್ಗಾಗಿರಲಿ. ಒಂದೂವರೆ ಮೀಟರ್ ಒಳ್ಳೆಯದು, ಎರಡು ಮೀಟರ್ ಮೀರಬಾರದು. ಇದಕ್ಕೆ ಜಾಗ ಎಷ್ಟು ಬೇಕು? ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಸರಾಸರಿ 15 ಸೆಂಟಿಮೀಟರ್ ಮೇಲ್ಮಣ್ಣು ಇದ್ದರೆ 607 ಕ್ಯೂಬಿಕ್ ಮೀಟರ್ ಆಯಿತು. ಟಿಪ್ಪರಿನವರ ಲೆಕ್ಕದಲ್ಲಿ 214 ಯೂನಿಟ್ (ಒಂದು ಯೂನಿಟ್ ಅಂದರೆ ನೂರು ಘನ ಅಡಿ). ಕೆರೆದ ಮಣ್ಣು ಸಡಿಲಾಗಿ ಉಬ್ಬುತ್ತದೆ. ಕಾಲು ಭಾಗಕ್ಕೆ ಸ್ವಲ್ಪ ಕಡಿಮೆ ಉಬ್ಬಿತು ಅಂತ ಇಟ್ಟುಕೊಂಡರೆ 730 ಕ್ಯೂಬಿಕ್ ಮೀಟರ್. ಸುತ್ತ ಇಳಿಜಾರು ಬಿಟ್ಟು ಒಂದೂವರೆ ಮೀಟರ್ ಎತ್ತರಕ್ಕೆ ಹಾಕಿದರೆ ಸುಮಾರು 15 ಸೆಂಟ್ಸ್ ಜಾಗ ಬೇಕು (ನೂರು ಸೆಂಟ್ಸ್ ಅಂದರೆ ಒಂದು ಎಕರೆ). ಒಂದು ಎಕರೆಯಲ್ಲಿ 15 ಸೆಂಟ್ಸ್ ಮಣ್ಣಿಗೆ ಬಿಟ್ಟುಕೊಡಿ ಅಂದರೆ ಕೋರೆಯವರು ಒಪ್ಪುವುದು ಕಷ್ಟ. ಅದಕ್ಕೇ ಆಳೆತ್ತರದ ಎರಡರಷ್ಟು ರಾಶಿ ಹಾಕುತ್ತಾರೆ, ಇಲ್ಲವೇ ಮಾರುತ್ತಾರೆ. ಈ ಲೆಕ್ಕವನ್ನು ಅಗ್ರಿಮೆಂಟ್ ಬರೆಯುವ ಮೊದಲೇ ಮಾಡಬೇಕು. ಆಮೇಲೆ ಕೇಳಿದರೆ ಜಾಗ ಇರುವುದಿಲ್ಲ.

ರಾಶಿಯ ಮೇಲೆ ಹಸಿರು ಬೇಕು. ಮುಳಿಹುಲ್ಲು ತಾನಾಗಿ ಬಂದರೆ ಬಿಟ್ಟುಬಿಡಿ. ಮಳೆ ಕಡಿಮೆಯಾಗುವ ಹೊತ್ತಿಗೆ ಅಲಸಂಡೆ, ಹುರುಳಿ ಚೆಲ್ಲಬಹುದು. ಬೇರು ಇದ್ದಷ್ಟು ದಿನ ಶಿಲೀಂಧ್ರಕ್ಕೆ ಊಟ ಸಿಗುತ್ತದೆ. ಕಮ್ಯುನಿಸ್ಟ್ ಗಿಡ ಅನ್ನುವ ಕಳೆ ಎದ್ದರೆ ಹೂ ಬಿಡುವ ಮೊದಲು ಕೀಳಬೇಕು. ಒಂದು ವರ್ಷ ಬಿಟ್ಟರೂ ಅದರ ಬೀಜ ರಾಶಿ ತುಂಬಿಕೊಳ್ಳುತ್ತದೆ, ನಾಳೆ ಇಡೀ ಎಕರೆಗೆ ನಾವೇ ಅದನ್ನು ಬಿತ್ತಿದ ಹಾಗಾಗುತ್ತದೆ.

ಇದಕ್ಕಿಂತ ಎಷ್ಟೋ ಒಳ್ಳೆಯದು ರಾಶಿಯನ್ನೇ ಹಾಕದಿರುವುದು. ಒಂದು ಕಡೆ ಕೆರೆದ ಮಣ್ಣನ್ನು ಅದೇ ವಾರ ಇನ್ನೊಂದು ಕಡೆ ಹರಡುವುದು. ಪಶ್ಚಿಮ ಆಸ್ಟ್ರೇಲಿಯಾದ ಜರ್ರಾ ಕಾಡಿನಲ್ಲಿ 1960ರ ದಶಕದಿಂದ ಬಾಕ್ಸೈಟ್, ಅಂದರೆ ಅಲ್ಯುಮಿನಿಯಂ ಅದಿರಿನ ಗಣಿಗಾರಿಕೆ ನಡೆಯುತ್ತಿದೆ. ಅದೂ ಲ್ಯಾಟರೈಟ್ ನೆಲವೇ, ನಮ್ಮ ಗುಡ್ಡಗಳ ದೂರದ ನೆಂಟ. ಅಲ್ಲಿ ಕಲಿತ ದೊಡ್ಡ ಪಾಠ ಇದು. ಬೀಜ ಇರುವ ಮೇಲಿನ ತೆಳು ಪದರವನ್ನು ಬೇಸಿಗೆಯಲ್ಲಿ ಬೇರೆಯಾಗಿ ತೆಗೆದು, ಗಣಿ ಮುಗಿದ ಪಕ್ಕದ ಹೊಂಡಕ್ಕೆ ನೇರ ಹಾಕುತ್ತಾರೆ. ರಾಶಿಯಲ್ಲಿಟ್ಟ ಮಣ್ಣಿಗಿಂತ ಹಾಗೆ ನೇರ ಹಾಕಿದ ಮಣ್ಣಿನಲ್ಲಿ ಹೆಚ್ಚು ಜಾತಿಯ ಕಾಡುಗಿಡಗಳು ಮರಳಿದವು. ಆ ಕಾಡು ಮೊದಲಿನಂತೆ ಆಯಿತಾ ಅನ್ನುವ ವಾದ ಅಲ್ಲಿ ಇವತ್ತಿಗೂ ಇದೆ. ಆದರೆ ಬಿಸಿ ಬಿಸಿ ಮಣ್ಣೇ ಮೇಲು ಅನ್ನುವುದರಲ್ಲಿ ತಕರಾರಿಲ್ಲ.

ನಮ್ಮ ಒಂದು ಎಕರೆಯಲ್ಲಿ ಇದನ್ನು ಮಾಡಲು ಸಾಧ್ಯವಾ? ಸಾಧ್ಯ. ಜಾಗವನ್ನು 25 ಸೆಂಟ್ಸಿನ ನಾಲ್ಕು ತುಂಡು ಮಾಡಿಕೊಳ್ಳಬೇಕು. ಮೊದಲ ಎರಡು ತುಂಡುಗಳ ಮಣ್ಣನ್ನು ಮಾತ್ರ ಬೇರೆ ಬೇರೆ ರಾಶಿ ಹಾಕಬೇಕು. ಎರಡನೆಯ ತುಂಡಿನಲ್ಲಿ ಕಲ್ಲು ಕಡಿಯುವಾಗ ಮೊದಲನೆಯದರ ತಳ ಸರಿ ಮಾಡಬೇಕು. ಮೂರನೆಯದನ್ನು ತೆರೆದಾಗ ಅದರ ಮೇಲ್ಮಣ್ಣು ನೇರ ಮೊದಲನೆಯದಕ್ಕೆ ಹೋಗುತ್ತದೆ. ನಾಲ್ಕನೆಯದರದ್ದು ಎರಡನೆಯದಕ್ಕೆ. ಎರಡನೆಯದರ ಮಣ್ಣು ಮೂರನೆಯದು ಮುಗಿಯುವ ತನಕ ಕಾಯಬೇಕು. ಮೊದಲ ರಾಶಿ ಕೊನೆಯ ತುಂಡಿಗೆ. ಅರ್ಧದಷ್ಟು ಮಣ್ಣಾದರೂ ಜೀವಂತ ಉಳಿಯಿತು. ಎಲ್ಲವನ್ನೂ ಮೊದಲ ದಿನವೇ ಬೋಳಿಸುವ ಅಭ್ಯಾಸ ಬಿಡಬೇಕು, ಅಷ್ಟೇ.

ವಾಪಸು ಹಾಕುವುದು

ಮೇಲ್ಮಣ್ಣು ಹಾಕುವ ಮೊದಲು ತಳ ಒಡೆಯಬೇಕು. ಹಿಟಾಚಿಗೆ ಒಂದೇ ಉಗುರಿನ ರಿಪ್ಪರ್ ಸಿಗುತ್ತದೆ. ಅದರಲ್ಲಿ ಇಳಿಜಾರಿಗೆ ಅಡ್ಡವಾಗಿ ಅರ್ಧ ಮೀಟರಿನಿಂದ ಒಂದು ಮೀಟರ್ ಆಳಕ್ಕೆ ಸೀಳಬೇಕು. ಇಳಿಜಾರಿನ ದಿಕ್ಕಿಗೆ ಸೀಳಿದರೆ ಪ್ರತಿ ಸೀಳೂ ತೋಡಾಗುತ್ತದೆ. ತಳ ಒಡೆಯದೆ ಮಣ್ಣು ಹಾಕಿದರೆ ಬಂಡೆಯ ಮೇಲೆ ಚಾಪೆ ಹಾಸಿದ ಹಾಗೆ. ಮಳೆಗಾಲದಲ್ಲಿ ಬೇರು ನೀರಿನಲ್ಲಿ ನಿಲ್ಲುತ್ತದೆ, ಮಾರ್ಚಿಗೆ ಕಾದ ಕಲ್ಲಿನ ಮೇಲೆ ಒಣಗುತ್ತದೆ.

ಆಮೇಲೆ ಕಲ್ಲಿನ ಚೂರು, ಪುಡಿ. ಕಡಿದ ಕಲ್ಲಿನಲ್ಲಿ ಒಡೆದು ಉಳಿದದ್ದೇ ಬೇಕಾದಷ್ಟು ಇರುತ್ತದೆ. ಅದು ಎಲ್ಲಕ್ಕಿಂತ ಕೆಳಗೆ. ಅದರ ಮೇಲೆ ಕೆಂಪು ಒಳಮಣ್ಣು. ಮರ ಬೆಳೆಸಬೇಕಾದರೆ ಸಡಿಲ ಪದರ ಒಟ್ಟು ಒಂದು ಮೀಟರ್ ಆದರೂ ಇರಲಿ. ಕೊನೆಗೆ ಮೇಲ್ಮಣ್ಣು. ಶೇಡಿ ಮಣ್ಣು ಎಲ್ಲೂ ಮೇಲೆ ಬರಬಾರದು. ಅದರಲ್ಲಿ ಸತ್ವ ಇಲ್ಲ, ನೀರು ತಾಗಿದರೆ ಜಾರುತ್ತದೆ, ಹಾಲಿನ ಹಾಗೆ ಕರಗಿ ಕೆಳಗಿನ ಗದ್ದೆಗೆ ಇಳಿಯುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿದ ಜಾಗಗಳಲ್ಲಿ ಈ ಬಿಳಿ ಮಣ್ಣನ್ನು ನೀವು ನೋಡಿರಬಹುದು.

ಹರಡುವಾಗ ಆಗುವ ತಪ್ಪು ಹೊರಗೆ ಕಾಣುವುದಿಲ್ಲ. ಒಳ್ಳೆಯ ಮೇಲ್ಮಣ್ಣಿನಲ್ಲಿ ಅರ್ಧದಷ್ಟು ಜಾಗ ಖಾಲಿ ಇರುತ್ತದೆ. ಗಾಳಿ, ನೀರು, ಬೇರು ಓಡಾಡುವುದು ಆ ಖಾಲಿಯಲ್ಲೇ. ತುಂಬಿದ ಹತ್ತು ಚಕ್ರದ ಟಿಪ್ಪರ್ 25 ಟನ್ನಿಗೂ ಜಾಸ್ತಿ ತೂಗುತ್ತದೆ. ಅದು ನಾಲ್ಕು ಸಲ ಓಡಾಡಿದರೆ ಖಾಲಿ ಜಾಗ ಮುಗಿಯಿತು. ಹಾಗಾಗಿ ಟಿಪ್ಪರ್ ಒಡೆದ ತಳದ ಮೇಲೆ ಒಂದೇ ದಾರಿಯಲ್ಲಿ ಬಂದು ಮಣ್ಣು ಸುರಿಯಬೇಕು. ಹಿಟಾಚಿಯೂ ತಳದ ಮೇಲೇ ನಿಂತು, ಕೈ ಚಾಚಿ ಹರಡುತ್ತಾ ಹಿಂದೆ ಹಿಂದೆ ಸರಿಯಬೇಕು. ಹರಡಿದ ಮಣ್ಣಿನ ಮೇಲೆ ಯಾವ ಚಕ್ರವೂ ಹತ್ತಬಾರದು. ಮನೆ ಒರೆಸುವವರು ಬಾಗಿಲ ಕಡೆಗೆ ಹಿಂದೆ ಬರುತ್ತಾರಲ್ಲ, ಹಾಗೆ. ರೋಲರ್ ಬೇಡವೇ ಬೇಡ. ಬ್ಲೇಡು ಹಾಕಿ ನುಣ್ಣಗೆ ಮಾಡುವುದೂ ಬೇಡ. ಅಂಗಳದ ಹಾಗೆ ಮಟ್ಟಸ ಕಂಡರೆ ಕೆಲಸ ಚೆನ್ನಾಗಿ ಆಯಿತು ಅಂತ ನಮಗೆ ಅನಿಸುತ್ತದೆ. ಈ ಕೆಲಸದಲ್ಲಿ ಅದು ಉಲ್ಟಾ. ಉಬ್ಬು ತಗ್ಗು ಇದ್ದರೆ ನೀರು ಅಲ್ಲಲ್ಲೇ ನಿಂತು ಇಂಗುತ್ತದೆ, ಬೀಜಕ್ಕೂ ಕೂರಲು ಜಾಗ ಸಿಗುತ್ತದೆ.

ಸರಿಯಾಗಿದೆಯಾ ಅಂತ ನೋಡಲು ಒಂದು ಬೆರಳು ದಪ್ಪದ ಕಬ್ಬಿಣದ ಸರಳು ಸಾಕು. ಸ್ವಲ್ಪ ತೇವ ಇರುವಾಗ ಕೈಯ ಭಾರಕ್ಕೆ ಅದು ಮೊಣಕೈ ಉದ್ದ ಇಳಿಯಬೇಕು. ಒಂದು ಗೇಣಿಗೇ ಠಕ್ ಅಂದರೆ ಬೇರಿಗೂ ಅಲ್ಲೇ ಠಕ್.

ಮಣ್ಣು ಕಡಿಮೆ ಇದ್ದರೆ ಎಲ್ಲ ಕಡೆ ತೆಳುವಾಗಿ ಹಾಕಬೇಕಾ, ಕೆಲವು ಕಡೆ ದಪ್ಪವಾಗಿ ಹಾಕಬೇಕಾ? 10 ರಿಂದ 15 ಸೆಂಟಿಮೀಟರ್ ಸಿಕ್ಕಿದರೆ ಎಲ್ಲ ಕಡೆ ಹರಡಿ. ಅಷ್ಟಿಲ್ಲದಿದ್ದರೆ ಪಟ್ಟಿ ಪಟ್ಟಿಯಾಗಿ, ಇಳಿಜಾರಿಗೆ ಅಡ್ಡ ಹಾಕಿ. ಆ ಪಟ್ಟಿಗಳಿಂದ ಹುಲ್ಲು, ಶಿಲೀಂಧ್ರ, ಇರುವೆ ನಿಧಾನ ನಡುವಿನ ಜಾಗಕ್ಕೆ ದಾಟುತ್ತವೆ.

ಇನ್ನು ಮಳೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಒಂದು ಎಕರೆಗೆ ಲೆಕ್ಕ ಹಾಕಿದರೆ 1.4 ಕೋಟಿ ಲೀಟರ್ ನೀರು. ಹೊಸದಾಗಿ ಹರಡಿದ ಸಡಿಲ ಮಣ್ಣು ಇದರ ಕೆಳಗೆ ಬೆತ್ತಲೆ ಇರಬಾರದು. ಒಂದು ಎಕರೆಯಿಂದ ಬರೀ 1 ಮಿಲಿಮೀಟರ್ ಮಣ್ಣು ಹೋದರೂ 4 ಕ್ಯೂಬಿಕ್ ಮೀಟರ್, ಹತ್ತಿರ ಹತ್ತಿರ 5 ಟನ್. ಕಡಿದ ಪೊದೆ, ಅಡಿಕೆ ಸೋಗೆ, ತೆಂಗಿನ ಮಡಲು, ಮುಳಿಹುಲ್ಲು, ಸಿಕ್ಕಿದ್ದನ್ನು ಮೇಲೆ ಹಾಸಿ. ಇಳಿಜಾರಿನ ಅಂಚಿಗೆ ಲಾವಂಚ ಸಾಲು ನೆಡಿ, ಅದರ ಬೇರು ನೇರ ಕೆಳಗೆ ಇಳಿದು ಮಣ್ಣು ಹಿಡಿಯುತ್ತದೆ. ಹೊರಗಿನ ನೀರು ಹೊಂಡಕ್ಕೆ ನುಗ್ಗದ ಹಾಗೆ ಮೇಲುಗಡೆ ಒಂದು ಕಣಿ ತೋಡಿ.

ಅಕೇಶಿಯಾ ನೆಟ್ಟರೆ ಬೇಗ ಹಸಿರಾಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಆಗುತ್ತದೆ, ಸುಳ್ಳಲ್ಲ. ಅದು ಗಾಳಿಯ ಸಾರಜನಕ ಹಿಡಿಯುವ ಮರ. ಆದರೆ ಅದರ ಎಲೆ ದಪ್ಪ ಹಾಸಿಗೆಯಾಗಿ ಬಿದ್ದು ಕೆಳಗೆ ಬೇರೆ ಗಿಡ ಏಳುವುದು ಕಷ್ಟ. ಮೇಲ್ಮಣ್ಣು ಸರಿ ಹಾಕಿದ ಜಾಗಕ್ಕೆ ಅದರ ಅಗತ್ಯ ಇಲ್ಲ ಅಂತಲೇ ನನ್ನ ಅಭಿಪ್ರಾಯ. ಮಣ್ಣಿನೊಳಗಿನ ಬೀಜಗಳಿಗೆ ಎರಡು ಮಳೆಗಾಲ ಅವಕಾಶ ಕೊಡಿ. ಏನು ಬಂತು ನೋಡಿ, ಆಮೇಲೆ ಬೇಕಾದ್ದು ನೆಡಿ.

ಒಂದು ಮಾತು ಮುಚ್ಚಿಡಬಾರದು. ಕಲ್ಲು ಊರಿಗೆ ಹೋಗಿ ಮನೆಯಾಗಿದೆ. ಹಾಗಾಗಿ ಹೊಂಡ ಪೂರ್ತಿ ತುಂಬುವಷ್ಟು ಮಣ್ಣು ಉಳಿದಿರುವುದಿಲ್ಲ. ನೆಲ ಮೊದಲಿಗಿಂತ ತಗ್ಗಾಗಿಯೇ ಉಳಿಯುತ್ತದೆ. ನೆಟ್ಟಗೆ ನಿಂತ ಗೋಡೆಗಳನ್ನು ಮೆಟ್ಟಿಲು ಮಾಡಿ, ಒಂದು ಬದಿಯನ್ನಾದರೂ ನಡೆದು ಹತ್ತುವಷ್ಟು ಇಳಿಜಾರು ಮಾಡಬೇಕು. ಕೋರೆಯ ನೀರಿಗೆ ಇಳಿದ ಮಕ್ಕಳು ವಾಪಸು ಬಾರದ ಸುದ್ದಿಯನ್ನು ನಾವು ಮಳೆಗಾಲದಲ್ಲಿ ಓದುತ್ತಲೇ ಇದ್ದೇವೆ. ಹತ್ತಿ ಬರಲು ಇಳಿಜಾರು ಇದ್ದಿದ್ದರೆ ಅನ್ನುವ ಯೋಚನೆ ನನ್ನನ್ನು ಬಿಡುವುದಿಲ್ಲ.

ಹೊಂಡ ತುಂಬಿಸಲು ಪೇಟೆಯ ಕಟ್ಟಡದ ಕಸ, ಪ್ಲಾಸ್ಟಿಕ್, ಹೋಟೆಲಿನ ತ್ಯಾಜ್ಯ ತಂದು ಸುರಿಯುವುದನ್ನೂ ನೋಡಿದ್ದೇನೆ. ಕೆಂಪುಕಲ್ಲಿನಲ್ಲಿ ತೂತುಗಳೇ ತೂತುಗಳು. ಹೊಂಡಕ್ಕೆ ಬಿದ್ದ ಕೊಳಕು ನೀರು ಕೆಳಮನೆಯವರ ಬಾವಿಗೆ ಇಳಿಯುತ್ತದೆ. ಅದರ ಮೇಲೆ ಎಷ್ಟು ಒಳ್ಳೆಯ ಮೇಲ್ಮಣ್ಣು ಹಾಕಿದರೂ ಪ್ರಯೋಜನ ಇಲ್ಲ.

ಕಾನೂನು ಈ ವಿಷಯದಲ್ಲಿ ಸುಮ್ನೆ ಕೂತಿಲ್ಲ. ಅಮೆರಿಕದಲ್ಲಿ 1977ರ ಕಾಯ್ದೆ ತೆರೆದ ಕಲ್ಲಿದ್ದಲು ಗಣಿಗಳಲ್ಲಿ ಮೇಲ್ಮಣ್ಣನ್ನು ಬೇರೆ ತೆಗೆದು ವಾಪಸು ಹಾಕುವುದನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ದೊಡ್ಡ ಗಣಿಗಳಿಗೆ ಅನ್ವಯಿಸುವ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳೂ ಇದನ್ನೇ ಹೇಳುತ್ತವೆ: ಮೇಲ್ಮಣ್ಣು ಬೇರೆ ತೆಗೆಯಿರಿ, ಕೂಡಲೇ ಬಳಸಿ, ಆಗದಿದ್ದರೆ ಬೇರೆಯಾಗಿ ಇಡಿ. ಕೆಂಪುಕಲ್ಲು ಉಪಖನಿಜ, ಅಂದರೆ ಕಾನೂನಿನ ಲೆಕ್ಕದಲ್ಲಿ ಸಣ್ಣ ಖನಿಜ. ಅದು ಕರ್ನಾಟಕದ 1994ರ ಉಪಖನಿಜ ನಿಯಮಗಳ ಅಡಿ ಬರುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟ್ ದೀಪಕ್ ಕುಮಾರ್ ಪ್ರಕರಣದಲ್ಲಿ 5 ಹೆಕ್ಟೇರಿಗಿಂತ ಸಣ್ಣ ಉಪಖನಿಜ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕು ಅಂದಿತು. 2020ರ ಜನವರಿಯಲ್ಲಿ ಅದೇ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಗಣಿ ಮುಗಿದ ಮೇಲೆ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಿ, ಮೇವು, ಗಿಡ, ಪ್ರಾಣಿಗಳಿಗೆ ಯೋಗ್ಯ ಮಾಡಿಕೊಡುವ ಷರತ್ತು ಹಾಕಲು ಹೇಳಿತು. ಮೇಲ್ಮಣ್ಣು ಮಾರಿಹೋಗಿದ್ದರೆ ಆ ಹುಲ್ಲು ಯಾವುದರ ಮೇಲೆ ಬರಬೇಕು?

ದೊಡ್ಡ ಗಣಿಯ ನೆನಪು ನಮಗೆ ಇದ್ದೇ ಇದೆ. ಕುದುರೆಮುಖದ ಅದಿರು 67 ಕಿಲೋಮೀಟರ್ ಕೊಳವೆಯಲ್ಲಿ ಕೆಸರಿನಂತೆ ಹರಿದು ಪಣಂಬೂರಿಗೆ ಬರುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಅಲ್ಲಿ ಗಣಿ ನಿಂತಿತು. ಅದಕ್ಕಾಗಿ ಊರೇ ಎದ್ದಿತ್ತು. ನಮ್ಮ ಹಿತ್ತಿಲಿನ ಒಂದು ಎಕರೆಯ ಕೋರೆಗೆ ಅಷ್ಟು ಜನ ಏಳುವುದಿಲ್ಲ. ಅಲ್ಲಿ ಜಾಗದ ಯಜಮಾನನೇ ನಿಲ್ಲಬೇಕು. ಅಗ್ರಿಮೆಂಟಿನಲ್ಲಿ ಎರಡು ಸಾಲು ಸೇರಿಸಲಿ. ಮೇಲ್ಮಣ್ಣು ಜಾಗ ಬಿಟ್ಟು ಹೊರಗೆ ಹೋಗಬಾರದು. ತುಂಡು ತುಂಡಾಗಿ ಕಡಿಯಬೇಕು, ಹೊಸದು ತೆರೆಯುವಾಗ ಅದರ ಮೇಲ್ಮಣ್ಣನ್ನು ತಳ ಸರಿ ಮಾಡಿದ ಹಳೆಯ ತುಂಡಿಗೆ ಹಾಕಬೇಕು. ಕೆರೆಯುವ ದಿನ ಕುರ್ಚಿ ಹಾಕಿಕೊಂಡಾದರೂ ಅಲ್ಲೇ ಕೂರಲಿ.

ಈಗಾಗಲೇ ಮಣ್ಣು ಕಳೆದುಕೊಂಡವರು ಏನು ಮಾಡಬೇಕು? ಇನ್ನೊಂದು ಗುಡ್ಡ ಕೆರೆದು ತರುವುದು ಮಾತ್ರ ಬೇಡ, ಒಂದು ಗಾಯಕ್ಕೆ ಇನ್ನೊಂದು ಕಡೆಯ ಚರ್ಮ ಸುಲಿದ ಹಾಗೆ. ಮೊದಲು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಮಣ್ಣು ಪರೀಕ್ಷೆ ಮಾಡಿಸಿ. ಹುಳಿ ಎಷ್ಟು, ಸಾವಯವ ಇಂಗಾಲ ಎಷ್ಟು, ರಂಜಕ ಎಷ್ಟು ಅಂತ ಕೇಳಿ. ಅದನ್ನು ನೋಡಿಕೊಂಡು ಸುಣ್ಣ ಹಾಕಿ. ತಳ ಒಡೆಸಿ. ಆಮೇಲೆ ಹೆಪ್ಪು ಹುಡುಕಿ. ಜಾಗದ ಅಂಚಿನಲ್ಲಿ, ಬೇಲಿಯ ಬುಡದಲ್ಲಿ ಒಂದಿಷ್ಟು ಹಳೆ ಮಣ್ಣು ಉಳಿದೇ ಇರುತ್ತದೆ.

ನಮ್ಮ ಸಂಬಂಧಿಕರು ಹಾಗೇ ಮಾಡಿದರು. ಹೋದ ಬೇಸಿಗೆಯಲ್ಲಿ ಬಾಡಿಗೆ ಯಂತ್ರ ತಂದು ಗೇರು ಸಾಲುಗಳ ನಡುವೆ ತಳ ಸೀಳಿಸಿದರು. ಮೇ ಮೂರನೆಯ ವಾರ ನಾವು ನಾಲ್ಕು ಜನ ಆ ಮೂಲೆಯ ದಿಬ್ಬದ ಕಾಲು ಭಾಗ ಮಾತ್ರ ಅಗೆದೆವು, ಉಳಿದದ್ದು ಬೀಜಕ್ಕೆ ಇರಲಿ ಅಂತ. ಗಿಡಕ್ಕೆ ಎರಡು ಬುಟ್ಟಿಯ ಹಾಗೆ ಬುಡದ ಸುತ್ತ ಹಾಕಿ, ಸೋಗೆ ಮುಚ್ಚಿದೆವು. ಅಗೆಯುವಾಗ ಮಣ್ಣಿನ ಹೆಂಟೆಯೊಂದನ್ನು ಒಡೆದು ನೋಡಿದೆ. ಒಳಗೆಲ್ಲ ಬಿಳಿ ನೂಲು ಹೆಣೆದುಕೊಂಡಿತ್ತು. ಮಳೆಗಾಲ ಮುಗಿದ ಮೇಲೆ ಹೋದಾಗ ಗೇರಿನ ತುದಿಯಲ್ಲಿ ತಿಳಿಗೆಂಪು ಚಿಗುರು ಇತ್ತು, ಎಲ್ಲದರಲ್ಲೂ ಅಲ್ಲ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಗಿಡಗಳಲ್ಲಿ. ಮೂರು ಗಿಡಗಳ ಬುಡದಲ್ಲಿ, ಯಾರೂ ನೆಡದ ಕೇಪಳದ ಎಳೆ ಸಸಿ ಎರಡೆರಡು ಎಲೆ ಬಿಟ್ಟು ನಿಂತಿತ್ತು.